ನೆಟ್ಟಗಾದ ಇಂಗ್ಲಿಷ್

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಚೂಟಿ,

ಇದನ್ನು ಬಟ್ಟೆ ಸಾಗಿಸುವ ಲಾರಿಯ ಡ್ರೈವರಣ್ಣನ ಕೈಲಿ ಕೊಡುತ್ತಿದ್ದೇನೆ. ನಿಮ್ಮ ಹೊಲಿಗೆ ಕಾರ್ಖಾನೆಯೊಳಗೆ ಹೋಗಿಬರುವವನು ಅವನೊಬ್ಬನೇ, ಸಂಜೆ ಹೊರಡುತ್ತಾನೆ. ಓದಿದ ತಕ್ಷಣ ಹರಿದುಬಿಡು. ಹಾಸ್ಟೆಲಿನ ವಾರ್ಡನ್ ಕಣ್ಣಿಗೆ ಬಿದ್ದರೆ ನಮ್ಮಿಬ್ಬರ ಕಥೆ ಮುಗಿಯಿತು.

ನಿನ್ನ ಫೋನು ಅವಳ ಕಪಾಟಿನಲ್ಲಿರುತ್ತದೆ, ವಾರಕ್ಕೊಂದೇ ಮೆಸೇಜು, ಅದೂ ಕನ್ನಡ ಬಾರದ ಅವಳಿಗೆ ಅರ್ಥವಾಗಲು ಇಂಗ್ಲಿಷಿನಲ್ಲೇ ಇರಬೇಕು ಅಂತ ನೀನು ಸೇರಿದಾಗಲೇ ಹೇಳಿದ್ದೆ. ಆಗ ನಾವು ನಕ್ಕಿದ್ದೇ ನಕ್ಕಿದ್ದು. ನಮ್ಮ ಇಂಗ್ಲಿಷೋ, ದೇವರಿಗೇ ಪ್ರೀತಿ! ಕನ್ನಡದಲ್ಲಿ ಯೋಚಿಸಿ, ಅದೇ ಸಾಲಿಗೆ ಇಂಗ್ಲಿಷ್ ಪೋಣಿಸುವುದು. ‘ಐ ಟುಡೇ ಕಾಲರ್ ಓನ್ಲಿ ಸ್ಟಿಚಿಂಗ್’ ಅಂತ ನೀನು, ‘ಮದರ್ ಯು ಆಸ್ಕಿಂಗ್’ ಅಂತ ನಾನು. ಎಷ್ಟು ತಲೆಕೆಳಗಾದರೂ ಅದರಲ್ಲಿ ನಿನ್ನ ದನಿ ಕೇಳಿಸುತ್ತಿತ್ತು.

ಈ ತಿಂಗಳ ಮೆಸೇಜುಗಳಲ್ಲಿ ಒಂದು ಮಾತೂ ಆಚೀಚೆ ಆಗಿಲ್ಲ. ‘ಐ ಆಮ್ ವೆರಿ ಹ್ಯಾಪಿ ಹಿಯರ್. ದೇರ್ ಈಸ್ ನೋ ನೀಡ್ ಟು ವಿಸಿಟ್ ಮಿ.’ ಪಕ್ಕದ ಮನೆ ಟೀಚರಮ್ಮನಿಗೆ ತೋರಿಸಿದರೆ, ನಿಮ್ಮ ತಂಗಿ ಎಷ್ಟು ಚೆಂದ ಕಲಿತುಬಿಟ್ಲು ಕಣ್ರೀ, ಹುಟ್ಟಿದಾಗಿಂದ ಇಂಗ್ಲಿಷೇ ಆಡಿದೋರ ಹಾಗಿದೆ ಅಂದರು. ಅಮ್ಮ ಹಿಗ್ಗಿ ಹೀರೇಕಾಯಿಯಾದಳು. ನನಗೆ ಮಾತ್ರ ಅದರಲ್ಲಿ ನಿನ್ನ ದನಿಯೇ ಕೇಳಿಸಲಿಲ್ಲ. ಅಂಗಡಿಯಲ್ಲಿ ಅದನ್ನೇ ಮತ್ತೆ ಮತ್ತೆ ಓದುತ್ತಾ, ಇಸ್ತ್ರಿಗೆ ಬಂದಿದ್ದ ಗಿರಾಕಿಯ ಅಂಗಿ ತೋಳು ಸುಟ್ಟುಬಿಟ್ಟೆ. ಯಜಮಾನರು ಬೈದದ್ದು ಕಿವಿಗೇ ಬೀಳಲಿಲ್ಲ.

ಅದನ್ನೆಲ್ಲ ಬರೆದವರು ಯಾರೇ? ನಿನಗೆ ಹುಷಾರಿಲ್ಲವಾ? ಕೂಡಿಹಾಕಿದ್ದಾರಾ? ಇನ್ನೊಂದು ಯೋಚನೆಯೂ ಬರುತ್ತದೆ, ಬರೆಯಲು ಕೈ ಏಳುತ್ತಿಲ್ಲ. ಅಮ್ಮನ ಮುಂದೆ ನಗುತ್ತಾ ಓಡಾಡಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ನಿನ್ನ ದಮ್ಮಯ್ಯ, ಏನಾದರೂ ಮಾಡಿ ನಮ್ಮ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕು. ನೀನು ಇದ್ದೀಯ ಅಂತ ಗೊತ್ತಾದರೆ ಸಾಕು.

ಹೆದರಿ ಸಾಯುತ್ತಿರುವ
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವಾಗ ಫೋನು ಸದ್ದಾಯಿತು. ನಿನ್ನದೇ ನಂಬರು, ಮೂರೇ ಮಾತು. ‘ಹೋಮ್ ಮಿ ಟೇಕ್.’ ನೀನೇ ಕಣೇ, ನೀನೇ! ಪತ್ರ ನಾನೇ ತರುತ್ತೇನೆ. ಲಾರಿಯಲ್ಲಿ ಡ್ರೈವರಣ್ಣನ ಪಕ್ಕ ಕೂತು ಬರುತ್ತಿದ್ದೇನೆ. ಅಮ್ಮನಿಗೆ ಎಲ್ಲ ಹೇಳಿದೆ. ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.