ಅರಳಿದರೆ ಕುದಿನೀರು

ಮಾರ್ಚ್ 3

ಒಣಗಿಡಗಳ ಸಂಗ್ರಹಾಲಯದಲ್ಲಿ ಇವತ್ತೂ ಎರಡು ಗಿಡ ಕುದಿನೀರಿಗೆ. ಮರುಭೂಮಿಯವು, ಮೈತುಂಬ ನೀರು. ಹಾಗೇ ಒತ್ತಿಟ್ಟರೆ ಗಿಡ ಒತ್ತುವ ಹಲಗೆ-ಪ್ರೆಸ್ ಒಳಗೂ ಸಾಯುವುದಿಲ್ಲ. ಕತ್ತಲಲ್ಲೇ ಚಿಗುರುತ್ತವೆ. ಅದಕ್ಕೇ ಮೊದಲು ಅದ್ದಿ ಕೊಲ್ಲಬೇಕು. ಆಮೇಲೆ ಒಣಗಿಸಿ, ಶೀಟಿಗೆ ಅಂಟಿಸಿ, ಲೇಬಲ್ ಹಚ್ಚಿ, ಬೀರುವಿನಲ್ಲಿ ಅದರ ಸಸ್ಯಕುಟುಂಬದ ಖಾನೆಗೆ. ಕೈಯೆಲ್ಲ ಬೆಂದ ಸೊಪ್ಪಿನ ವಾಸನೆ.

ರಾತ್ರಿ ಮನೆಯಲ್ಲಿ ಅಕ್ಕ ತಟ್ಟೆ ಕುಕ್ಕಿದಳು. "ಎಲ್ಲಾ ಕೆಲ್ಸಾನೂ ಬಿಟ್ಟು ಬಂದೋನು ನೀನು. ಇಲ್ಲಾದ್ರೂ ತಳ ಊರಪ್ಪಾ."

ಮಾರ್ಚ್ 9

ಸಂಗ್ರಹಾಲಯದ ಕಿಟಕಿಯ ಕುಂಡದಲ್ಲಿ ಗುಂಡಣ್ಣ. ಗಿಡಕ್ಕೆ ಹೆಸರು ನಾನಿಟ್ಟಿದ್ದು. ಕಲ್ಲಿನಂತೆ ಬೂದು, ಮುಷ್ಟಿಯಷ್ಟು. ಕೊಂಬೆಯಿಲ್ಲ ರೆಂಬೆಯಿಲ್ಲ. ಅದು ಬೆಳೆದ ಗುಡ್ಡವನ್ನು ಕ್ವಾರಿಯವರು ತಿಂದು ಮುಗಿಸಿದ್ದಾರೆ. ಉಳಿದಿದ್ದು ಇದೊಂದೇ.

"ಹೂ ನೋಡ್ದೆ ಯಾವ ಕುಟುಂಬ ಅಂತ ಹೇಳಕ್ಕಾಗಲ್ಲ ಕಣೋ," ಅಂದರು ಸಂಗ್ರಹಾಲಯ ನೋಡಿಕೊಳ್ಳುವ ಮೇಡಂ. "ಅರಳಿದ ದಿನ ಹೇಳು. ನೀರು ಕಾಯ್ಸೋಣ."

"ಇಡೀ ಗಿಡಾನಾ?"

"ಮತ್ತೆ? ಅರ್ಧಕ್ಕೆ ಲೇಬಲ್ ಹಚ್ಲಾ?"

ಮಾರ್ಚ್ 20, ಬೆಳಿಗ್ಗೆ

ಮೊಗ್ಗು. ಅಕ್ಕಿಕಾಳಿನಷ್ಟು.
ಮೇಡಂ ಬರುವ ಮೊದಲೇ ಚಿವುಟಿ ಹಾಕಿದೆ.

ಏಪ್ರಿಲ್ 17

ಇನ್ನೊಂದು. ಅದನ್ನೂ.
ಮೇಡಂ ದಿನಾ ಭೂತಗನ್ನಡಿ ಹಿಡಿದು ಬಗ್ಗುತ್ತಾರೆ. "ಇದೂ ನಿನ್ ತರಾನೇ, ಮೊಂಡು," ಅಂತ ನಕ್ಕರು. ಮುಖ ನೋಡಲಾಗಲಿಲ್ಲ.

ಜೂನ್ 2

ತಿಂಗಳ ಕೊನೆಗೆ ಮೇಡಂ ರಿಟೈರ್. ಅವರ ಜಾಗಕ್ಕೆ ಯಾರೂ ಬರುವುದಿಲ್ಲವಂತೆ.

ಕೇಳಿಬಿಟ್ಟೆ — ಕುಂಡ ಮನೆಗೆ ಒಯ್ಯಲಾ?

"ಒಯ್ಯೋ. ಚೆನ್ನಾಗಿ ನೋಡ್ಕೊಂಡ್ರೆ ಬದುಕುತ್ತೆ." ಕನ್ನಡಕ ಒರೆಸುತ್ತಾ ಕೂತರು. "ಆಮೇಲೆ ಒಂದಿನ ಸಾಯುತ್ತೆ. ಇಂಥದ್ದೊಂದು ಇತ್ತು ಅಂತ ಯಾರಿಗೂ ಗೊತ್ತಾಗಲ್ಲ. ಅಷ್ಟೇ."

ಜೂನ್ 23

ಮನೆಯ ಕಿಟಕಿಯಲ್ಲಿ ಮತ್ತೆ ಮೊಗ್ಗು. ಉಗುರು ಇಟ್ಟೆ. ಚಿವುಟದೆ ಕೈ ತೆಗೆದೆ.
"ಏನೋ, ಗಿಡಕ್ಕೆ ದೃಷ್ಟಿ ತಾಗೋ ಹಾಗೆ ನೋಡ್ತಿದೀಯ?" ಅಕ್ಕ ಕೇಳಿದಳು.

ಜೂನ್ 29

ಅರಳಿದೆ. ಬಿಳಿ, ಒಳಗೆ ನೇರಳೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಸಂಗ್ರಹಾಲಯಕ್ಕೆ ತಂದೆ. ಪಕ್ಕದವನು, "ಚೆನ್ನಾಗಿದೆಯಲ್ರೀ, ಎಲ್ಲಿ ಸಿಗುತ್ತೆ?" ಅಂದ. ಎಲ್ಲೂ ಸಿಗಲ್ಲ ಅಂದೆ.

ಮೇಡಂ ಎಸಳು ನೋಡಿದರು, ಬರೆದರು, ಮತ್ತೆ ನೋಡಿದರು. "ಗೊತ್ತಿರೋ ಯಾವ್ದೂ ಅಲ್ಲ ಕಣೋ... ಹೊಸದು." ಚಿವುಟಿದ್ದು ಹೇಳೋಣ ಅಂತ ಬಾಯಿ ತೆರೆದವನು ಪಾತ್ರೆಯಲ್ಲಿ ನೀರು ಕಾಯಲಿಟ್ಟೆ.

"ನಾನ್ ಹಾಕ್ತೀನಿ. ನೀನು ಆಚೆ ಹೋಗು," ಅಂದರು.

ಹೋಗಲಿಲ್ಲ. ನಾನೇ ಕುಂಡ ಬಗ್ಗಿಸಿದೆ. ಬೇರು ಅಷ್ಟುದ್ದ ಅಂತ ಗೊತ್ತಿರಲಿಲ್ಲ. ಮಣ್ಣು ಕೊಡವುತ್ತಾ ಹೋದೆ, ಕೈಗೆ ಸುತ್ತಿಕೊಂಡಿತು. ಮೇಡಂ ಅವಸರ ಮಾಡಲಿಲ್ಲ. ಪಾತ್ರೆಯ ಮೇಲೆ ಹಿಡಿದೆ. ಆವಿ ತಾಗಿ ಎಸಳುಗಳು ಒಂದೊಂದಾಗಿ ಮುಚ್ಚಿಕೊಂಡವು. ಬೇರನ್ನು ಕೈಯಿಂದ ಬಿಡಿಸಿ ನೀರಿಗೆ ಬಿಟ್ಟೆ.