ಎಡಗಡೆಯ ಬ್ರೇಕು

ಮಾರ್ಚ್ 3, ಸೋಮವಾರ

ಬೆಳಗಿನ ಬ್ಯಾಚು ಬ್ಯಾಂಕಿನ ಮೇಡಂ. ಇವತ್ತೂ ರಿವರ್ಸ್. ಇವತ್ತೂ ಅದೇ ಮನೆಯ ಅದೇ ಹೂಕುಂಡ. ಎಡಗಡೆ ಸೀಟಿನಲ್ಲಿ ಕೂತ ನಾನು, ನನ್ನ ಕಾಲಬಳಿ ಇರುವ ಎರಡನೇ ಬ್ರೇಕನ್ನು ಮೆಲ್ಲಗೆ ಅದುಮಿ ಕುಂಡ ಉಳಿಸಿದೆ.

"ನೋಡಿದ್ರಾ ಸರ್, ಹೇಗೆ ನಿಲ್ಲಿಸಿದೆ" ಅಂದರು. ಸೂಪರ್ ಮೇಡಂ ಅಂದೆ.

ನಮ್ಮ ಡ್ರೈವಿಂಗ್ ಸ್ಕೂಲಿನ ಗುಟ್ಟೇ ಅದು. ಒತ್ತುವುದು ನಾನು, ಧೈರ್ಯ ಬರುವುದು ಅವರಿಗೆ. ಒತ್ತಿದ್ದು ಕಾಣಬಾರದು, ಅಷ್ಟೇ. ಇಷ್ಟು ವರ್ಷದಲ್ಲಿ ಯಾರಿಗೂ ಕಂಡಿಲ್ಲ.

ಇನ್ನೊಂದು. ಮನೆಗೆ ನಡೆದು ಬರುವಾಗ ಬಲಗಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿದೆ. ಗೊತ್ತೇ ಆಗಿಲ್ಲ. ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು — "ಇನ್ನೊಂದನ್ನ ಯಾರಿಗೆ ದಾನ ಮಾಡಿ ಬಂದ್ರಿ?"

ಮಾರ್ಚ್ 6, ಗುರುವಾರ

ಬಲಪಾದ ಒತ್ತುತ್ತೆ, ಮೇಲೇಳಲ್ಲ. ನಡೆದರೆ ಪಟ್ ಪಟ್ ಅಂತ ಸದ್ದು. ಏನು ಕುಟ್ಟುತ್ತಿದ್ದೀರಿ ಅಂತ ಕೆಳಗಿನ ಮನೆಯವರು ಕೇಳಿಕೊಂಡು ಬಂದರು. ಪಾದದ ಮೇಲೆಲ್ಲ ಜೋಮು. ಚಿವುಟಿದರೆ ಬೇರೆ ಯಾರದ್ದೋ ಕಾಲು ಚಿವುಟಿದ ಹಾಗೆ.

ಮೂಲೆ ಕ್ಲಿನಿಕ್ಕಿನ ಡಾಕ್ಟರು ವಿಟಮಿನ್ ಮಾತ್ರೆ ಬರೆದರು. ಕಾಲು ನೋಡಲೇ ಇಲ್ಲ. ನಾಲಿಗೆ ನೋಡಿದರು.

ಮಾರ್ಚ್ 11, ಮಂಗಳವಾರ

ಮೂಳೆ ಡಾಕ್ಟರು. ಬೆನ್ನಿನ ಎಕ್ಸ್‌ರೇ. ಸೊಂಟಕ್ಕೊಂದು ಬೆಲ್ಟು. ಈಗ ಪಾದವೂ ಏಳಲ್ಲ, ನಾನೂ ಬಗ್ಗಲ್ಲ.

ಸಂಜೆ ಭಾವಮೈದ ಬಂದ. ಬಂದವನೇ ಫೋನ್ ತೆಗೆದ. "ಭಾವ, ಹೀಗೇ ಶುರುವಾಗುತ್ತಂತೆ" ಅಂತ ಒಂದೊಂದೇ ರೋಗ ಓದಿ ಹೇಳಿದ, ಸ್ಕೋರ್ ಓದುವವನ ಹಾಗೆ. ಒಂದರ ಹೆಸರು ಅವನಿಗೂ ಓದಲು ಬರಲಿಲ್ಲ. ನನಗಿರುವುದು ಅದೇ ಅನ್ನಿಸಿತು.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ ಹತ್ತು

ಹೂಕುಂಡ ಹೋಯಿತು.

ಪಾದ ಎತ್ತಿ ಬ್ರೇಕಿನ ಮೇಲಿಡಬೇಕು. ಎತ್ತು ಅಂದೆ. ಎತ್ತಲಿಲ್ಲ. ತುದಿ ಪೆಡಲಿನ ಕೆಳಗೇ ಸಿಕ್ಕಿಕೊಂಡಿತು. ಧಡಾರ್. ಬ್ಯಾಂಕಿನ ಮೇಡಂ ಇಳಿದು ಚೂರುಗಳನ್ನು ನೋಡಿ, "ಇಷ್ಟು ದಿನ ಕರೆಕ್ಟಾಗಿ ನಿಲ್ತಿತ್ತಲ್ಲ ಸರ್... ಗಾಡೀಲೇ ಏನೋ ತೊಂದ್ರೆ" ಅಂದರು.

ತೊಂದರೆ ಎಲ್ಲಿದೆ ಅಂತ ನನಗೆ ಗೊತ್ತು. ಕುಂಡದ ಜಾಗದಲ್ಲಿ ಒಂದು ಮಗು ಇದ್ದಿದ್ದರೆ? ಭಯ ಆಗುತ್ತಿದೆ. ಇರುವುದು ಒಂದು ಕಾರು, ಒಂದು ಕಾಲು. ಕಾಲು ಬರದಿದ್ದರೆ ಸ್ಕೂಲೂ ಇಲ್ಲ. ರಜಾ ಬೋರ್ಡು ತೂಗುಹಾಕಿ ಬಂದೆ.

ಹೆಂಡತಿಗೆ ಬೇರೆಯೇ ಚಿಂತೆ. "ಹಾಗಾದ್ರೆ ನನ್ನ ಕ್ಲಾಸು?" ಜನವರಿಯಿಂದ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳದೇ ಕ್ಲಾಸು. ತನ್ನಷ್ಟು ನೀಟಾಗಿ ಬ್ರೇಕ್ ಹಾಕುವವರು ನಮ್ಮ ಸ್ಕೂಲಿನಲ್ಲೇ ಇಲ್ಲ ಅಂತ ಅವಳ ಹೆಮ್ಮೆ. ಹಾಗಂತ ಹೇಳಿದವನು ನಾನೇ.

ಮಾರ್ಚ್ 22, ಶನಿವಾರ

ತಲೆಯ ಸ್ಕ್ಯಾನಿಂಗ್ ರಿಪೋರ್ಟ್ ಬಂತು. "ವಿಶೇಷವೇನೂ ಇಲ್ಲ" ಅಂದರು. ಐವತ್ತು ವರ್ಷ ಹೊತ್ತು ತಿರುಗಿದ ತಲೆ. ಸಮಾಧಾನ ಆಯಿತು, ಸ್ವಲ್ಪ ಬೇಜಾರೂ ಆಯಿತು.

ಹಾಗಾದರೆ ಏನು ಇದು? ಹೆಸರಾದರೂ ಗೊತ್ತಾದರೆ ಬೈಯಬಹುದು.

ಏಪ್ರಿಲ್ 2, ಬುಧವಾರ

ನರರೋಗದ ಡಾಕ್ಟರಮ್ಮ. ಸುತ್ತಿಗೆಯಲ್ಲಿ ತಟ್ಟಿದರು, ಸೂಜಿಯಲ್ಲಿ ಚುಚ್ಚಿದರು. "ಹೆಬ್ಬೆರಳು ಮೇಲೆತ್ತಿ." ಹಲ್ಲು ಕಚ್ಚಿದೆ, ಕಣ್ಣು ಮುಚ್ಚಿದೆ. ಹುಬ್ಬು ಮೇಲೆದ್ದಿತು. ಹೆಬ್ಬೆರಳು ಇಲ್ಲ. ಆಮೇಲೆ ಕಾಲಿಗೆ ಕರೆಂಟು ಬಿಟ್ಟು ನೋಡಿದರು.

"ತಲೆ, ಬೆನ್ನು ಎರಡೂ ಚೆನ್ನಾಗಿದೆ. ಮಂಡಿಯ ಹೊರಬದಿಯಲ್ಲಿ, ಈ ಮೂಳೆ ಮೇಲೆ ನರ ಹೋಗುತ್ತೆ. ಅಲ್ಲಿ ಅದನ್ನ ಏನೋ ಒತ್ತಿ ಹಿಡಿದಿದೆ. ಕೆಲಸದಲ್ಲಿ ಹೇಗೆ ಕೂರ್ತೀರಾ, ತೋರಿಸಿ."

ಪಕ್ಕದಲ್ಲೇ ಹೆಂಡತಿ. ಫೋಟೋಗೆ ಕೂತ ಹಾಗೆ ನೆಟ್ಟಗೆ ಕೂತೆ.

"ರೀ, ಹಾಗೆಲ್ಲಿ ಕೂರ್ತೀರಾ? ಮಂಡಿ ಗೇರ್ ಕಡೆ ಒತ್ತಿಟ್ಟಿರ್ತೀರಲ್ಲ" ಅಂದಳು. ನನ್ನ ಕಾಲಿನ ಮೇಲಿನ ಕಾಳಜಿಯಿಂದಲೇ ಹೇಳಿದ್ದು, ಪಾಪ.

"ಅಲ್ಲಿ ಏನಿದೆ?" ಡಾಕ್ಟರಮ್ಮ.

"ಕಬ್ಬಿಣದ ಪಟ್ಟಿ."

"ಮತ್ತೆ ಯಾಕೆ ಒತ್ತಿಡ್ತೀರಾ?"

ಕಾಲು ಬೇಕಾ, ಸಂಸಾರ ಬೇಕಾ? ಒಂದು ಕ್ಷಣ ಯೋಚಿಸಿ, ಬಾಯಿಬಿಟ್ಟೆ. ಮಂಡಿ ಆ ಕಡೆ ಅಡ್ಡ ಇಟ್ಟರೆ ನಾನು ಬ್ರೇಕ್ ಒತ್ತುವುದು ಕಲಿಯುವವರಿಗೆ ಕಾಣಲ್ಲ ಮೇಡಂ.

"ಇಷ್ಟು ವರ್ಷ ಏನೂ ಆಗಿಲ್ಲ. ಇತ್ತೀಚೆಗೆ ಒತ್ತೋದು ಜಾಸ್ತಿ ಆಯ್ತಾ? ಯಾವಾಗಿಂದ?"

"ಜನವರಿಯಿಂದ."

ಪಕ್ಕದ ಕುರ್ಚಿ ನನ್ನ ಕಡೆ ತಿರುಗಿತು.

"ಜನವರಿಯಿಂದ ಕಲೀತಿರೋದು ನಾನು" ಅಂದಳು ಹೆಂಡತಿ.

ಡಾಕ್ಟರಮ್ಮ ತಲೆ ತಗ್ಗಿಸಿ ಏನೋ ಬರೆಯತೊಡಗಿದರು. ತುಂಬ ಹೊತ್ತು ಬರೆದರು. ಒತ್ತುವುದು ನಿಲ್ಲಿಸಿದರೆ ನರ ತಾನಾಗಿ ಚೇತರಿಸಿಕೊಳ್ಳಬಹುದು, ಕೆಲವು ವಾರ ಬೇಕು, ಗ್ಯಾರಂಟಿ ಕೊಡಲ್ಲ ಅಂದರು. ನರದ ವಿಷಯ ಅದು. ಮನೆಯ ವಿಷಯಕ್ಕೆ ಔಷಧಿ ಬರೆಯಲಿಲ್ಲ.

ಏಪ್ರಿಲ್ 3, ಗುರುವಾರ

ಮಾತಿಲ್ಲ. ಪಾತ್ರೆಗಳು ಮಾತಾಡುತ್ತಿವೆ.

ಮಧ್ಯಾಹ್ನ ಒಂದೇ ಪ್ರಶ್ನೆ. "ಒಂದ್ಸಲವಾದ್ರೂ ನಾನೇ ನಿಲ್ಲಿಸಿದ್ದೀನಾ?"

ಯೋಚಿಸಿದೆ. ಯೋಚಿಸಿದ್ದೇ ತಪ್ಪಾಯಿತು.

ಏಪ್ರಿಲ್ 19, ಶನಿವಾರ

ದಿನಾ ಎದ್ದ ಕೂಡಲೆ ಹೆಬ್ಬೆರಳಿಗೆ ಆರ್ಡರ್ ಮಾಡುತ್ತೇನೆ. ಕಿವಿಗೇ ಹಾಕಿಕೊಳ್ಳಲ್ಲ. ವಾಸಿಯಾಗದೇ ಹೋದರೆ ಏನು ಮಾಡಲಿ? ಬೇರೆ ಕೆಲಸ ಗೊತ್ತಿಲ್ಲ.

ಹೆಂಡತಿ ಮೆಕ್ಯಾನಿಕ್‌ನನ್ನು ಕರೆಸಿ ಎಡಗಡೆಯ ಬ್ರೇಕು ಬಿಚ್ಚಿಸಿದ್ದಾಳೆ. ನನ್ನನ್ನು ಕೇಳಲಿಲ್ಲ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಾ ಓಡಿಸುತ್ತಿದ್ದಾಳಂತೆ. ಅವನಿಗೆ ಈಗ ರೋಗಗಳ ಬಗ್ಗೆ ಓದಲು ಪುರುಸೊತ್ತಿಲ್ಲ. ಇಳಿಯುವಾಗ ಮುಖ ಬಿಳಿಚಿರುತ್ತೆ.

ಮೇ 4, ಭಾನುವಾರ, ಬೆಳಿಗ್ಗೆ ಆರೂವರೆ, ಕಾರಿನಲ್ಲಿ

ಹಿಂದಿನ ಸೀಟು. ಮುಂದೆ ಅವಳು, ಎಡಗಡೆ ಭಾವಮೈದ. "ಬರ್ತೀರಾ?" ಅಂತ ಅವಳೇ ಕರೆದಳು. ಈ ಪುಸ್ತಕವನ್ನೂ ಕೈಗಿಟ್ಟಳು. "ಬಾಯಿ ಮುಚ್ಕೊಂಡು ಬರೀತಾ ಕೂತಿರಿ."

ಬರೆಯುತ್ತಿದ್ದೇನೆ. ಹಂಪು. ಅಕ್ಷರ ಹಾರಿತು. ಸೆಕೆಂಡ್ ಗೇರ್, ಪರವಾಗಿಲ್ಲ. ತಿರುವು, ಚೆನ್ನಾಗಿ ತೆಗೆದಳು. ಹೇಳಲಿಲ್ಲ.

ಇಳಿಜಾರು. ಕೆಳಗೆ ಲಾರಿ ನಿಂತಿದೆ. ದೂರ ಇದೆ. ಈಗ ಹಾಕಬೇಕು. ಹಾಕುತ್ತಾಳೆ. ಭಾವಮೈದ ಕಣ್ಣು ಮುಚ್ಚಿದ. ಈಗ. ಈಗ—

ನಿಂತಿತು. ಲಾರಿಗೂ ನಮಗೂ ನಡುವೆ ಒಬ್ಬರು ಆರಾಮಾಗಿ ದಾಟುವಷ್ಟು ಜಾಗ. ನನ್ನ ಜೀವ ಬಾಯಿಂದ ಎದೆಗೆ ವಾಪಸ್ಸಾಯಿತು. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕೇಳಿದಳು — "ಈಗ ಒತ್ತಿದ್ದು ಯಾರು?"

ನೀನೇ ಅಂದೆ. ಇಷ್ಟು ತಿಂಗಳಲ್ಲಿ ಮೊದಲ ಸಲ ನಿಜ ಹೇಳಿ ಹೊಗಳಿದೆ. ಕಣ್ಣು ಮಂಜಾಯಿತು. ಅವಳಿಗೆ ಕಾಣದಿರಲಿ ಅಂತ ತಲೆ ತಗ್ಗಿಸಿದೆ. ಇಲ್ಲದ ಬ್ರೇಕಿಗೆ ಕಾಲು ತಾನಾಗಿ ಹೋಗಿಬಿಟ್ಟಿದೆ. ಹಿಮ್ಮಡಿ ನೆಲದ ಮೇಲೆ. ಮುಂಪಾದ ನೆಲಕ್ಕೆ ತಾಗಿಲ್ಲ. ಅದರ ತುದಿಯಲ್ಲಿ ಹೆಬ್ಬೆರಳು, ಮೇಲಕ್ಕೆ ಎದ್ದಿದೆ.