ನೀರು ಇಳಿಯುವ ಹೊತ್ತು

30 ಅಕ್ಟೋಬರ್ 1998, ಖಸಬ್
ಸೇಸಪ್ಪಣ್ಣನ ಚಿತ್ರ ಸ್ಕ್ಯಾನ್ ಮಾಡಿ ಇಂಟರ್ನೆಟ್ ಚಾಟ್‌ನ ಫ್ರೆಂಡ್ಸಿಗೆ ಕಳಿಸಿದೆ. ಆರನೇದು. ವಾರವಿಡೀ ಅಂಗಡಿ ಬೋರ್ಡ್ ಬರೆಯುವ ಜನ, ಶುಕ್ರವಾರ ಸಮುದ್ರದ ಬಂಡೆ ಬರೆದರೆ... ಸ್ಕಾಟ್ಲೆಂಡಿನ ಆಲಿಸ್ ನಾಲ್ಕು ಸಲ ‘ವಾವ್’ ಅಂದ್ಳು. ನಾನೇ ಬರೆದಷ್ಟು ಜಂಬ ನಂಗೆ :-)

3 ನವೆಂಬರ್
ಸೇಸಪ್ಪಣ್ಣನಿಗೆ ಈಗ ಸಮುದ್ರದ ಗುಹೆಯೊಳಗಿನ ಬಂಡೆ ಬರೀಬೇಕಂತೆ. ಭರತ ಇಳಿಯುವಾಗ ಒದ್ದೆ ಕಲ್ಲು ಕಪ್ಪಿನಿಂದ ನೇರಳೆಗೆ ತಿರುಗ್ತದೆ, ನೀರಿನ ಹಿಂದೆಯೇ ಇಳೀತಾ ಬರೀಬೇಕು ಅಂತ. ಬಂಡೆಯ ಹಿಂದೆ ಕಡಿದಾದ ಕಲ್ಲಿನ ಗೋಡೆ, ಹತ್ತಲಿಕ್ಕೆ ದಾರಿಯಿಲ್ಲ. ಗಲ್ಫಿಗೆ ಬಂದರೂ ಸಮುದ್ರವಿಲ್ಲದ ಪುತ್ತೂರಿನವರು, ಈಜು ಬರುದಿಲ್ಲ. ನೀರಿನ ಹೊತ್ತು ಹೇಳುವ ಮೀನುಗಾರ ಉಸ್ಮಾನ್ ಮದುವೆಗೆ ದೂರದ ಸೂರ್‌ಗೆ ಹೋಗಿದ್ದಾನೆ. ಅವ ಬರ್ಲಿ, ಆಮೇಲೆ ಹೋಗುವಾ ಅಂದರು.
ನಾನು ಬಿಡ್ಲಿಲ್ಲ. ಟೈಮೆಲ್ಲ ಇಂಟರ್ನೆಟ್ಟಲ್ಲಿ ಉಂಟು ಅಂದೆ.

5 ನವೆಂಬರ್
ಪ್ರಿಂಟೌಟ್ ಕೊಟ್ಟೆ. ನಾಳೆ ಭರತ 7.30, ಇಳಿತ 1.40. ಮಡಚಿ ಕಿಸೆಗೆ ಹಾಕಿಕೊಂಡರು.
"ಉಸ್ಮಾನ್ ಬೆರಳು ಎಣಿಸಿ ಹೇಳ್ತಾನೆ ಮಾರಾಯ್ತಿ. ನೀನು ನಿಮಿಷ ಸಮೇತ ಕೊಟ್ಟಿಯಲ್ಲ."

6 ನವೆಂಬರ್, ಶುಕ್ರವಾರ, 9.00
ಅಪ್ಪನ ಆಫೀಸು. ರಜೆ, ಕಂಪ್ಯೂಟರ್ ನನ್ನದೇ. ಬೋಟಿನ ಎಡ್ಮಂಡ್ ಸೇಸಪ್ಪಣ್ಣನನ್ನು ಎಂಟಕ್ಕೆ ಗುಹೆಯಲ್ಲಿ ಬಿಟ್ಟು ಬಂದ. ಎರಡಕ್ಕೆ ಕರ್ಕೊಂಡು ಬರ್ತಾನಂತೆ. ರುಸೈಲ್‌ನ ಫ್ಯಾಕ್ಟರಿ ಕೆಲಸ ಬಿಟ್ಟು ಬೋಟಿಗೆ ಬಂದು ತಿಂಗಳಾಗಿಲ್ಲ, ಸಮುದ್ರ ಅವನಿಗೂ ಹೊಸತು. ತುಂಬಿದ ನೀರಲ್ಲೂ ಕೆಳಗಿನ ಕಲ್ಲು ಒಣಗಿತ್ತು, ಅಲ್ಲೇ ಇಳಿಸಿದೆ ಅಂದ.
"ಇನ್ನು ಹೆದರಿಕೆ ಎಂಥದ್ದು?"
ಎಂಥದ್ದೂ ಇಲ್ಲ. ಆದರೂ... ಭರತದಲ್ಲಿ ಒಣ ಕಲ್ಲು? ಆಲಿಸಳ ಅಪ್ಪ ಮೀನು ಹಿಡಿಯುವವರು. ಅವಳಿಗೆ ಆ ಪ್ರಿಂಟೌಟಿನ ಟೈಮ್‌ಟೇಬಲ್ ಕಳಿಸಿದೆ.

10.50
ಉತ್ತರ ಬಂತು. ಆ ಸೈಟಿನ ಟೈಮೆಲ್ಲ ಲಂಡನ್ನಿಂದು, ನಿಮ್ಮಲ್ಲಿಗೆ ನಾಲ್ಕು ಗಂಟೆ ಕೂಡಿಸಿದ್ದಿಯಲ್ಲ? ಅಂತ.
ಕೂಡಿಸಿಲ್ಲ.
ಭರತ ಹನ್ನೊಂದೂವರೆಗೆ. ಬೆಳಿಗ್ಗೆಯಿಂದ ನೀರು ಇಳೀತಾ ಇಲ್ಲ. ಏರ್ತಾ ಉಂಟು.

12.20, ಜೆಟ್ಟಿ
ಎಡ್ಮಂಡ್ ರೂಮಲ್ಲಿ ಮಲಗಿದ್ದ. ಎಬ್ಬಿಸಿ, ಅಪ್ಪನನ್ನು ಕರೆದು, ಬೋಟ್ ಹೊರಡುವಾಗ 11.35. ನನ್ನನ್ನು ಹತ್ತಿಸ್ಲಿಲ್ಲ. ಸೇಸಪ್ಪನಿಗೆ ಟೈಮ್ ನೋಡ್ಲಿಕ್ಕೂ ಗೊತ್ತಿಲ್ವಾ ಅಂತ ಅಪ್ಪ ಬೈತಿದ್ರು. ನೀರು ಏರ್ತಾ ಉಂಟು ಅಂತ ಮಾತ್ರ ನಾನು ಹೇಳಿದ್ದು. ತಪ್ಪು ಟೈಮ್ ಕೊಟ್ಟದ್ದು ನಾನು ಅಂತ ಹೇಳ್ಲಿಲ್ಲ.
ಜೆಟ್ಟಿಯ ಮೇಲಿನ ಮೆಟ್ಟಿಲಿನವರೆಗೂ ಒದ್ದೆ.

1.10
ಬೋಟ್ ಕಾಣ್ತಾ ಉಂಟು. ಯಾಕೆ ಇಷ್ಟು ನಿಧಾನ? ನಿಂತದ್ದು ಅಪ್ಪ. ಹಿಂದೆ ಎಂಜಿನ್ ಹತ್ತಿರ ಎಡ್ಮಂಡ್. ಮಧ್ಯದಲ್ಲಿ ಸೇಸಪ್ಪಣ್ಣನ ಕ್ಯಾನ್ವಾಸ್ ನೆಟ್ಟಗೆ ಇಟ್ಟಿದ್ದಾರೆ. ಅದರ ಹಿಂದೆ ಯಾರಾದ್ರೂ ಕೂತಿದ್ದರೆ ತಲೆ ಆದ್ರೂ ಕಾಣ್ಬೇಕಿತ್ತು. ಕಾಣ್ತಾ ಇಲ್ಲ.